ಗುರು ನಾನಕರ ಸಂಸಾರ: ವಸ್ಲಿಯ ಮೇಲೆ ಜನಮ್‌ಸಾಖಿ ಶೈಲಿಯ ಚಿತ್ರ, ಈವರೆಗಿನ ಕೆಲಸ

ವಸ್ಲಿ ಎಂದರೆ ಪದರ ಪದರವಾಗಿ ಅಂಟಿಸಿದ ಕಾಗದದ ಹಾಳೆ, ಜನಮ್‌ಸಾಖಿ ಎಂದರೆ ನಾನಕರ ಜೀವನಕಥೆಗಳ ಸಂಗ್ರಹ. ಕರಡು ಗೆರೆ, ಬಿಳಿ ಲೇಪ, ಹಿನ್ನೆಲೆ ಬಣ್ಣ ಮುಗಿದಿವೆ. ಮುಖಗಳೂ ಬಂಗಾರವೂ ಬಾಕಿ.

ಶೈಲಿಗೆ ಆಧಾರ 1733ರ ಬಿ-40 (ಗ್ರಂಥಾಲಯದ ಪಟ್ಟಿ ಸಂಖ್ಯೆ) ಜನಮ್‌ಸಾಖಿ. ಆಲಂ ಚಂದ್ ರಾಜ್ ಬರೆದ 57 ಚಿತ್ರಗಳ ಈ ಹಸ್ತಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಕಲು ಮಾಡುತ್ತಿಲ್ಲ, ನಾನಕರು ಸಂಸಾರದೊಂದಿಗಿದ್ದ ಪಂಜಾಬಿನ ಸುಲ್ತಾನ್‌ಪುರದ ಮನೆಯನ್ನು ಹೊಸದಾಗಿ ಕೂಡಿಸಿದ್ದು: ನಾನಕ್, ಪತ್ನಿ ಸುಲಖನಿ, ಇಬ್ಬರು ಮಕ್ಕಳು, ಅಕ್ಕ ನಾನಕಿ.

ತೊಡಕು ಗಡ್ಡದ್ದು. ಕ್ಯಾಲೆಂಡರಿನ ಬಿಳಿಗಡ್ಡ ಇಲ್ಲಿ ಸಲ್ಲದು. ನಾನಕರು ಹುಟ್ಟಿದ್ದು 1469ರಲ್ಲಿ, ಶ್ರೀಚಂದ್ 1494, ಲಖ್ಮೀದಾಸ್ 1497. ಮಕ್ಕಳು ಇನ್ನೂ ಸೆರಗು ಹಿಡಿಯುವ ವಯಸ್ಸಿನವರಾದರೆ ತಂದೆಗೆ ಮೂವತ್ತರ ಆಸುಪಾಸು. ಗಡ್ಡ ಕಪ್ಪೇ ಆಗಬೇಕು. ಶ್ರೀಚಂದ್ ಮುಂದೆ ವಿರಕ್ತನಾದನೆಂದು ಮಗುವಿಗೆ ಈಗಲೇ ಬೂದಿ ಬಳಿಯುವುದೂ ತಪ್ಪು. ನಾನಕರ ಪಯಣಗಳ ಜೊತೆಗಾರ ಮರ್ದಾನನನ್ನು ರಬಾಬ್ (ತಂತಿವಾದ್ಯ) ಹಿಡಿಸಿ ಬಾಗಿಲಾಚೆ ನಿಲ್ಲಿಸಿದೆ. ಪಯಣ ಹತ್ತಿರವಿದೆ ಎನ್ನಲು ಅಷ್ಟು ಸಾಕು.

ವಸ್ಲಿಗೆ ತೆಳು ಕೈಕಾಗದದ ನಾಲ್ಕು ಪದರ, ಮೈದಾ ಅಂಟು, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ (ವಿಷ, ಅಡುಗೆ ಪಾತ್ರೆ ಬೇಡ). ಪದರಗಳ ನಡುವೆ ಗಾಳಿ ಉಳಿದರೆ, ನಯಗೊಳಿಸಲು ಕಲ್ಲಿನಿಂದ ಉಜ್ಜುವಾಗ ಅಲ್ಲೇ ಗುಳ್ಳೆ ಏಳುತ್ತದೆ. ಭಾರದಡಿ ಒಣಗಿಸದಿದ್ದರೆ ಹಾಳೆ ಸೊಟ್ಟಗಾಗುತ್ತದೆ.

ಬಣ್ಣದ ಪುಡಿಗೆ ಬೆರೆಸುವ ಅಂಟು: ಜಾಲಿ ಗೋಂದು ಒಂದು ಪಾಲು, ಬಿಸಿನೀರು ಎರಡು ಪಾಲು, ರಾತ್ರಿಯಿಡೀ ನೆನೆಸಿ ಮಲ್ ಬಟ್ಟೆಯಲ್ಲಿ ಸೋಸಿದ್ದು. ಪ್ರತಿ ಬಣ್ಣವನ್ನೂ ತುಂಡು ವಸ್ಲಿಯಲ್ಲಿ ಪರೀಕ್ಷಿಸಬೇಕು: ಒಣಗಿದ ಮೇಲೆ ಬೆರಳಿಗೆ ಹತ್ತಿದರೆ ಗೋಂದು ಕಡಿಮೆ, ಮಿನುಗಿ ಬಿರುಕು ಬಿಟ್ಟರೆ ಹೆಚ್ಚು. ನೀಲಿ ಹೆಚ್ಚು ಗೋಂದು ಕೇಳುತ್ತದೆ, ಕಾವಿ ಕಡಿಮೆ. ಬಿಳಿ ಲೇಪವನ್ನು ಹಾಲಿನಷ್ಟು ತೆಳ್ಳಗೆ ಎರಡು ಸಲ ಎಳೆದಿದ್ದೇನೆ. ಒಂದೇ ದಪ್ಪ ಲೇಪವಾದರೆ ಉಜ್ಜುವಾಗ ಸಿಪ್ಪೆಯೇಳುತ್ತದೆ. ಪ್ರತಿ ಲೇಪದ ನಂತರ ಚಿತ್ರವನ್ನು ಗಾಜಿನ ಮೇಲೆ ಬೋರಲು ಹಾಕಿ ಹಿಂಬದಿಯಿಂದ ಅಗೇಟ್ ಕಲ್ಲಿನಲ್ಲಿ ಉಜ್ಜುವುದು. ಅರೆ ಒದ್ದೆ ಇದ್ದರೆ ಬಣ್ಣ ಗಾಜಿಗೇ ಅಂಟುತ್ತದೆ.

ಹಳದಿಗೆ ಹರಿದಾಳ ಬಿಟ್ಟೆ. ಅದು ಆರ್ಸೆನಿಕ್ ಇರುವ ವಿಷದ ಖನಿಜ, ಪುಡಿ ಅರೆಯುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹಳದಿ ಮಣ್ಣು ಹೊಳಪಿನಲ್ಲಿ ಹಿಂದೆ, ಆದರೆ ಒಪ್ಪುತ್ತದೆ.

ಮುಂದೆ ಗಡ್ಡ: ಮೊದಲು ಮೈಬಣ್ಣ, ಮೇಲೆ ನೀರಾದ ದೀಪದ ಮಸಿ, ಆಮೇಲಷ್ಟೇ ದವಡೆಯ ತಿರುವಿನಂತೆ ಒಂಟಿ ಕೂದಲ ಗೆರೆಗಳು. ನೇರ ಕಪ್ಪು ಹಚ್ಚಿದರೆ ನಾಟಕದವರ ಅಂಟಿಸಿದ ಗಡ್ಡವೇ. ಪ್ರಭಾವಳಿಯ ಬಂಗಾರ ಎಲ್ಲಕ್ಕೂ ಕೊನೆಗೆ, ಹಳದಿ ಮಣ್ಣಿನ ತಳದ ಮೇಲೆ. ಅದರಲ್ಲಿ ಗೋಂದು ಒಂದೆರಡು ಹನಿ ಮೀರಿದರೂ ಕಂದಾಗಿ ಕೂರುತ್ತದೆ, ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ.