ದಾರಿಯೊಂದೇ ಹಳೆಯದು

ಫ್ರಾನ್ಸಿನ ನಡುಭಾಗದಲ್ಲಿರುವ ಲಿಮೂಜಾಂ ಸೀಮೆಯ ಮಿಶೆಲಿನ್ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು ಕಾಡಿನ ಹಸಿರು, ಆಮೇಲೆ ಅಲ್ಲಲ್ಲಿ ಚೆಲ್ಲಿದಂತಿರುವ ನೀರಿನ ನೀಲಿ. ಸ್ವಲ್ಪ ಹೊತ್ತು ನೋಡುತ್ತ ಕುಳಿತರೆ ಮಾತ್ರ ಹಳದಿ ಮತ್ತು ಬಿಳಿ ಬಣ್ಣದ ಸಣ್ಣ ಗೆರೆಗಳ ಜಾಲವೊಂದು ಅದರ ಮೇಲೆಲ್ಲ ಹಬ್ಬಿರುವುದು ತಿಳಿಯುತ್ತದೆ. ಈ ಗೆರೆಗಳು ಜಿಲ್ಲಾ ರಸ್ತೆಗಳು ಮತ್ತು ಗ್ರಾಮ ರಸ್ತೆಗಳು. ಒಳ್ಳೆಯ ಡಾಂಬರು ಹಾಕಿದ, ಮೈಲುಗಲ್ಲುಗಳಿರುವ, ನಾಮಫಲಕಗಳಿರುವ, ಆದರೆ ವಾಹನಗಳೇ ಇಲ್ಲದ ರಸ್ತೆಗಳು. ಉದ್ಯೋಗದ ನಿಮಿತ್ತ ತುಲೂಜ್‌ನಲ್ಲಿ ನೆಲೆಸಿರುವ ನನಗೆ ಅಲ್ಲಿಯ ಸೈಕಲ್ ಗೆಳೆಯರು ಪದೇ ಪದೇ ಹೇಳುತ್ತಿದ್ದುದು ಇದನ್ನೇ: ಪರ್ವತಗಳನ್ನು ನೋಡಬೇಕಾದರೆ ಪಿರೆನೀಸ್‌ಗೆ ಹೋಗು, ರಸ್ತೆಯನ್ನು ನೋಡಬೇಕಾದರೆ ಮಿಲ್‌ವಾಶ್ ಪ್ರಸ್ಥಭೂಮಿಗೆ ಹೋಗು. ಜೂನ್ ತಿಂಗಳ ಒಂದು ಶನಿವಾರ ಆ ಮಾತನ್ನು ಪರೀಕ್ಷಿಸಲು ಹೊರಟೆ.

ಹಿಂದಿನ ರಾತ್ರಿ ಲಿಮೋಜ್‌ನಲ್ಲಿ ಉಳಿದು, ಬೆಳಗಿನ ಸಣ್ಣ ರೈಲಿನಲ್ಲಿ ಸೈಕಲ್ಲನ್ನೂ ಹತ್ತಿಸಿಕೊಂಡು ಎಮೂತಿಯೇ ಎಂಬ ಊರಿಗೆ ಹೋಗುವುದು, ಅಲ್ಲಿಂದ ವಾಸಿವಿಯೇರ್ ಜಲಾಶಯ, ಪ್ರಸ್ಥಭೂಮಿಯ ಮೇಲಿನ ಕಾಡು, ನಡುವಿನ ಹಳ್ಳಿಗಳನ್ನು ಸುತ್ತಿ ಸಂಜೆಗೆ ಅದೇ ಊರಿಗೆ ಇಳಿದು ಬರುವುದು ನನ್ನ ಯೋಜನೆ. ರೈಲು ವಿಯೆನ್ ನದಿಯ ಕಣಿವೆಯನ್ನು ಹಿಡಿದು ಮೇಲಕ್ಕೆ ಸಾಗುತ್ತದೆ. ದಾರಿಯಲ್ಲಿ ಸಾಂ-ಲೆಯೊನಾರ್-ದ-ನೊಬ್ಲಾ ಎಂಬ ನಿಲ್ದಾಣ ಬರುತ್ತದೆ. ಸೈಕಲ್ ಓಟಗಾರ ರೇಮೊಂ ಪುಲಿದೋರ್ ಬಾಳಿದ ಊರು ಅದು. ಕ್ರ್ಯೂಜ್ ಜಿಲ್ಲೆಯ ರೈತಾಪಿ ಕುಟುಂಬದಲ್ಲಿ 1936ರಲ್ಲಿ ಹುಟ್ಟಿದ ಆತ ಫ್ರಾನ್ಸಿನ ಹೆಸರಾಂತ ಸೈಕಲ್ ಸ್ಪರ್ಧೆ ಟೂರ್ ದ ಫ್ರಾನ್ಸ್‌ನಲ್ಲಿ 14 ಬಾರಿ ಸ್ಪರ್ಧಿಸಿ, 8 ಬಾರಿ ಮೊದಲ ಮೂವರಲ್ಲಿ ಒಬ್ಬನಾಗಿ ನಿಂತರೂ, ಮುನ್ನಡೆ ಪಡೆದವರು ತೊಡುವ ಹಳದಿ ಅಂಗಿಯನ್ನು ಒಂದೇ ಒಂದು ದಿನವೂ ತೊಡಲಿಲ್ಲ. 1964ರಲ್ಲಿ ಕೇವಲ 55 ಸೆಕೆಂಡುಗಳ ಅಂತರದಲ್ಲಿ ಆಂಕೆತಿಲ್‌ಗೆ ಸೋತ. ಗೆದ್ದವನಿಗಿಂತ ಈ ಸೋತವನನ್ನೇ ಫ್ರಾನ್ಸಿನ ಜನ ಹೆಚ್ಚಾಗಿ ಹಚ್ಚಿಕೊಂಡರು. 2019ರಲ್ಲಿ ಆತ ಇದೇ ಊರಿನಲ್ಲಿ ತೀರಿಕೊಂಡ. ಎದುರು ಸೀಟಿನ ಹಿರಿಯರೊಬ್ಬರು ನನ್ನ ಸೈಕಲ್ ನೋಡಿ, ಕಿಟಕಿಯಾಚೆ ಬೆರಳು ತೋರಿಸಿ, “ಪುಪು” ಎಂದಷ್ಟೇ ಹೇಳಿ ನಕ್ಕರು. ಪುಲಿದೋರ್‌ನ ಮುದ್ದಿನ ಹೆಸರು ಅದು. ಆ ಸೀಮೆಯಲ್ಲಿ ಅಷ್ಟು ಹೇಳಿದರೆ ಸಾಕು.

ಎಮೂತಿಯೇಯಿಂದ ಪೆರಾ-ಲ-ಶಾತೋ ಕಡೆಗಿನ ಏರು ಕಡಿದಾದದ್ದೇನಲ್ಲ, ಆದರೆ ಮುಗಿಯಿತೆಂದುಕೊಂಡಲ್ಲಿ ಮತ್ತೆ ಮೊದಲಾಗುವ ಜಾತಿಯದು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸೈಕಲ್ ಹೊಡೆದವನಿಗೆ ಕಿವಿಯೇ ಮೂರನೆಯ ಕಣ್ಣು. ಹಿಂದೆ ಬರುತ್ತಿರುವುದು ಬಸ್ಸೋ ಆಟೋವೋ, ಎಷ್ಟು ದೂರದಲ್ಲಿದೆ, ಎಡಕ್ಕೆ ಒತ್ತುತ್ತದೆಯೋ ಇಲ್ಲವೋ ಎಂಬುದನ್ನೆಲ್ಲ ಬೆನ್ನೇ ಲೆಕ್ಕ ಹಾಕುತ್ತಿರುತ್ತದೆ. ಇಲ್ಲಿ ಆ ಲೆಕ್ಕಕ್ಕೆ ಕೆಲಸವೇ ಇಲ್ಲ. ಮೊದಲರ್ಧ ಗಂಟೆ ಅದರಿಂದ ನೆಮ್ಮದಿಗಿಂತ ಹೆಚ್ಚಾಗಿ ಒಂದು ಬಗೆಯ ಗಲಿಬಿಲಿಯೇ ಆಯಿತು ಎನ್ನಬೇಕು. ಆಮೇಲೆ ಬೇರೆ ಸದ್ದುಗಳು ಒಂದೊಂದಾಗಿ ಕೇಳಿಸತೊಡಗಿದವು: ಚೈನು ಹಲ್ಲಿನ ಮೇಲೆ ಕೂರುವ ಸಣ್ಣ ಕಿಟಕಿಟ, ಬೇಲಿಯಾಚೆ ಕಂದುಗೆಂಪು ಲಿಮೂಜಾಂ ಹಸುಗಳು ಹುಲ್ಲು ಕಿತ್ತು ಮೇಯುವ ಸದ್ದು, ಎಲ್ಲೋ ಕೆಳಗೆ ಹರಿಯುವ ತೊರೆ. ರಸ್ತೆಯ ಅಂಚಿನ ದಿಬ್ಬದಲ್ಲಿ ಜರಿಗಿಡಗಳ ನಡುವೆ ಎದೆಮಟ್ಟದ ಫಾಕ್ಸ್‌ಗ್ಲವ್ ಗಿಡಗಳು ನೇರಳೆ ಗಂಟೆಗಳನ್ನು ಒಂದರ ಕೆಳಗೊಂದು ತೂಗಿಸಿಕೊಂಡು ನಿಂತಿದ್ದವು. ನಿಧಾನವಾಗಿ ಏರುವಾಗ ಒಂದು ಜೇನುಹುಳು ಆ ಗಂಟೆಯೊಳಗೆ ಪೂರ್ತಿಯಾಗಿ ನುಗ್ಗಿ, ಒಳಗೇ ಗುಂಯ್‌ಗುಟ್ಟಿ, ಹಿಮ್ಮುಖವಾಗಿ ಹೊರಬರುವುದನ್ನು ಸೈಕಲ್ಲಿನಿಂದ ಇಳಿಯದೆಯೇ ನೋಡಬಹುದಾಗಿತ್ತು.

ವಾಸಿವಿಯೇರ್ ಸುಮಾರು 1,000 ಹೆಕ್ಟೇರ್ ವಿಸ್ತಾರದ ನೀರು. ಕೊಲ್ಲಿಗಳು, ಚಾಚುಗಳು, ನಡುವೆ ಕಾಡು ತುಂಬಿದ ದ್ವೀಪ, ನೀರಿನ ಅಂಚಿನವರೆಗೂ ಇಳಿದು ಬಂದ ಮರಗಳು, ಇವನ್ನೆಲ್ಲ ನೋಡಿದವರು ಇದು ಹಿಮಯುಗದ ಕಾಲದ್ದೆಂದೇ ನಂಬಿಯಾರು. ನಿಜದಲ್ಲಿ ಇದು ಮೋಲ್ದ್ ಎಂಬ ಸಣ್ಣ ನದಿಗೆ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟು ಮುಗಿದದ್ದು 1950ರಲ್ಲಿ. ದ್ವೀಪವೆಂದು ಕರೆಯುವುದು ಮುಳುಗದೆ ಉಳಿದ ಗುಡ್ಡವನ್ನು. ಈಗ ಅದರ ಮೇಲೆ ಇಟಲಿಯ ವಾಸ್ತುಶಿಲ್ಪಿ ಆಲ್ಡೋ ರೊಸ್ಸಿ ಮತ್ತು ಫ್ರಾನ್ಸಿನ ಕ್ಸಾವಿಯೇ ಫಾಬ್ರ್ ವಿನ್ಯಾಸಗೊಳಿಸಿದ ಕಲಾಕೇಂದ್ರವಿದೆ. ದೀಪಸ್ತಂಭದಂತಿರುವ ಅದರ ಗೋಪುರ ದಡದ ರಸ್ತೆಯಿಂದ ಮರಗಳ ನಡುವೆ ಆಗಾಗ ಇಣುಕುತ್ತದೆ. ಸೈಕಲ್ ಸವಾರರಿಗೆ ಈ ದಡದ ನೆನಪು ಬೇರೆಯದು. 1985ರ ಟೂರ್‌ನ ಒಂಟಿ ಓಟದಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತದಲ್ಲಿ) ಗ್ರೆಗ್ ಲೆಮಾಂಡ್ ತನ್ನದೇ ತಂಡದ ನಾಯಕ ಬರ್ನಾರ್ ಇನೋವನ್ನು 5 ಸೆಕೆಂಡುಗಳಿಂದ ಹಿಂದಿಕ್ಕಿ, ಟೂರ್‌ನ ಒಂದು ಹಂತ ಗೆದ್ದ ಮೊದಲ ಅಮೆರಿಕನ್ ಎನಿಸಿದ್ದು ಇಲ್ಲಿ. 1990ರಲ್ಲಿ ಪ್ಯಾರಿಸ್ ತಲುಪುವ ಹಿಂದಿನ ದಿನ ಆತ ಅಲ್ಲಿಯವರೆಗೆ ಮುನ್ನಡೆಯಲ್ಲಿದ್ದ ಇಟಲಿಯ ಕಿಯಪ್ಪೂಚ್ಚಿಯಿಂದ ಹಳದಿ ಅಂಗಿಯನ್ನು ಕಸಿದುಕೊಂಡದ್ದೂ ಇಲ್ಲೇ. ಅವರು ಉಸಿರು ಕಟ್ಟಿ ಓಡಿದ ತಿರುವುಗಳಲ್ಲಿ ನಾನು ಬ್ರೇಕ್ ಹಿಡಿದು ನೀರು ನೋಡುತ್ತ ಸಾಗಿದೆ. ಓಟಗಾರನಲ್ಲದಿರುವುದರ ಸುಖಗಳಲ್ಲಿ ಇದೂ ಒಂದು.

ರ್ವಾಯೇರ್ ಊರು ದಾಟಿ ಪೂರ್ವಕ್ಕೆ ಹೊರಳಿದರೆ ಕಾಡು ಮುಚ್ಚಿಕೊಳ್ಳುತ್ತದೆ. ಬಿಸಿಲೇರಿದಾಗ ಡಗ್ಲಸ್ ಫರ್ ಮರಗಳಿಂದ ಹುಳಿ ಬೆರೆತ ರಾಳದ ವಾಸನೆ ರಸ್ತೆಯ ಮೇಲೆಲ್ಲ ನಿಲ್ಲುತ್ತದೆ, ನೆರಳು ತಂಪಾಗಿರುತ್ತದೆ, ಇಂಥ ಕಡೆ ಯಾರಿಗಾದರೂ ಪ್ರಾಚೀನ, ಅನಾದಿ ಎಂಬ ಮಾತುಗಳು ಬಾಯಿಗೆ ಬರುವುದು ಸಹಜ. ಆದರೆ ಮರಗಳು ಸಾಲಾಗಿ ನಿಂತಿರುವುದನ್ನು ಗಮನಿಸಿದ ಮೇಲೆ ಆ ಮಾತುಗಳನ್ನು ಆಡಲಾಗುವುದಿಲ್ಲ. ನೂರು ವರ್ಷಗಳ ಹಿಂದೆ ಇಲ್ಲಿದ್ದದ್ದು ಹೀದರ್ ಕುರುಚಲು ಬೆಳೆದ ಬಯಲು ಮತ್ತು ಕುರಿಮಂದೆಗಳು. ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅರಣ್ಯ ನಿಧಿಯ ನೆರವಿನಿಂದ, ಊರು ಬಿಟ್ಟು ಹೋದವರ ಹೊಲಗಳಲ್ಲಿ, ಹುಲ್ಲುಗಾವಲುಗಳಲ್ಲಿ ಈ ಮರಗಳನ್ನು ನೆಡಲಾಯಿತು. ನಲವತ್ತು ಐವತ್ತು ವರ್ಷಕ್ಕೆ ಕಟಾವಿಗೆ ಬರುವ ಬೆಳೆ ಇದು. ಒಂದು ತಿರುವಿನಾಚೆ ಇಡೀ ಇಳಿಜಾರನ್ನು ಒಂದೇ ಸಲಕ್ಕೆ ಬೋಳಿಸಿದ್ದರು. ಬುಡಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಇಂಥ ಕಟಾವಿನ ಬಗ್ಗೆ ಈ ಸೀಮೆಯಲ್ಲಿ ಬಿರುಸಿನ ಜಗಳವೇ ನಡೆದಿದೆ.

ಹಾಗಾದರೆ ಈ ನೋಟದಲ್ಲಿ ಹಳೆಯದು ಯಾವುದು? ಜಲಾಶಯದ ಸುತ್ತಿನ ತುಣುಕನ್ನು ಬಿಟ್ಟರೆ, ರಸ್ತೆಯೇ. ಹಳ್ಳಿ ಹಳ್ಳಿಗಳನ್ನು ಬೆಸೆಯುವ ದಾರಿಗಳನ್ನು ನೋಡಿಕೊಳ್ಳುವುದು ಗ್ರಾಮಗಳ ಕಡ್ಡಾಯ ಹೊಣೆ ಎಂದು ಫ್ರಾನ್ಸ್ 1836ರಲ್ಲಿ ಕಾಯ್ದೆ ಮಾಡಿತು. ಆ ಶತಮಾನದ ನಡುವಿನಲ್ಲಿ ಕ್ರ್ಯೂಜ್ ಜಿಲ್ಲೆಯ ಜನಸಂಖ್ಯೆ 2.8 ಲಕ್ಷವನ್ನು ಮೀರಿತ್ತು. ಈಗ ಸುಮಾರು 1.15 ಲಕ್ಷ, ಅಂದರೆ ಚದರ ಕಿಲೋಮೀಟರಿಗೆ ಇಪ್ಪತ್ತರ ಆಸುಪಾಸು. ಇಲ್ಲಿಯ ಗಂಡಸರು ಗಾರೆಕೆಲಸದವರಾಗಿ ಪ್ರತಿ ವಸಂತದಲ್ಲಿ ಪ್ಯಾರಿಸ್ಸಿಗೆ ನಡೆದುಹೋಗಿ ಚಳಿಗಾಲಕ್ಕೆ ಮರಳುತ್ತಿದ್ದರು. ಹೀಗೆ 1830ರಲ್ಲಿ ತಂದೆಯ ಜೊತೆ ಹುಡುಗನಾಗಿ ನಡೆದು ಹೋದ ಮಾರ್ತಾಂ ನಾದೋ ಮುಂದೆ ಸಂಸತ್ ಸದಸ್ಯನಾದ. ರೈಲು ಬಂದ ಮೇಲೆ ನಡೆಯುವುದು ತಪ್ಪಿತು, ಕ್ರಮೇಣ ಮರಳುವುದೂ ತಪ್ಪಿತು. ಜನ ಹೋದರೂ ಜಾಲ ಉಳಿಯಿತು. ಫ್ರಾನ್ಸಿನ ಹತ್ತು ಲಕ್ಷ ಕಿಲೋಮೀಟರಿಗೂ ಮೀರಿದ ರಸ್ತೆಗಳಲ್ಲಿ ಬಹುತೇಕ ಎಲ್ಲವೂ ಜಿಲ್ಲೆ ಮತ್ತು ಗ್ರಾಮ ಆಡಳಿತಗಳ ಕೈಯಲ್ಲಿವೆ. ಅವು ಮೂರು ಮನೆಗಳ ಊರಿಗೂ ಡಾಂಬರು ಹಾಕಿಸುತ್ತವೆ. ಸೈಕಲ್ ಸವಾರನ ಸ್ವರ್ಗವೆಂದು ನಾವು ಹೊಗಳುವುದು, ಇನ್ನೊಂದು ಬದಿಯಿಂದ ನೋಡಿದರೆ, ಖಾಲಿಯಾದ ಮನೆಗೆ ಇನ್ನೂ ಸುಣ್ಣ ಬಳಿಯುತ್ತಿರುವ ಶ್ರದ್ಧೆಯನ್ನು.

ಮಧ್ಯಾಹ್ನದ ಹೊತ್ತಿಗೆ ನೀರು ಮುಗಿಯಿತು. ಹಳ್ಳಿಗಾಡಿನ ಫ್ರಾನ್ಸಿನಲ್ಲಿ ಸೈಕಲ್ ಹೊಡೆಯುವವರೆಲ್ಲರಿಗೂ ಗೊತ್ತಿರುವ ಉಪಾಯವೊಂದಿದೆ: ಅಂಗಡಿ ಇಲ್ಲದ ಊರಿನಲ್ಲೂ ಸ್ಮಶಾನ ಇರುತ್ತದೆ, ಸ್ಮಶಾನದಲ್ಲಿ ಹೂಗಿಡಗಳಿಗಾಗಿ ನಲ್ಲಿ ಇರುತ್ತದೆ, ಕುಡಿಯಲು ಯೋಗ್ಯವಲ್ಲವೆಂಬ ಫಲಕ ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಬಹುದು. ಮಸಣಕ್ಕೆ ಹೋಗಿಬಂದರೆ ತಲೆಗೆ ಸ್ನಾನ ಮಾಡಬೇಕೆಂದು ಕಲಿತು ಬೆಳೆದವನು ಅಲ್ಲಿಯ ನೀರನ್ನೇ ಕುಡಿಯುವಾಗ ಒಂದು ಕ್ಷಣ ಕೈ ತಡೆಯುತ್ತದೆ; ಬಾಯಾರಿಕೆ ಹೆಚ್ಚಿದ್ದರೆ ತಡೆಯುವುದಿಲ್ಲ. ಕಬ್ಬಿಣದ ಗೇಟಿನ ಒಳಗೆ ಗೋಡೆಗೆ ಸಾಲಾಗಿ ತೂಗುಹಾಕಿದ ಹಸಿರು ಪ್ಲಾಸ್ಟಿಕ್ ಕ್ಯಾನುಗಳು, ಪಕ್ಕದಲ್ಲಿ ನಲ್ಲಿ, ಅದರ ಕೆಳಗೆ ಪಾಚಿಗಟ್ಟಿದ ಕಲ್ಲುತೊಟ್ಟಿ. ವಯಸ್ಸಾದ ಹೆಂಗಸೊಬ್ಬರು ಕ್ಯಾನು ತುಂಬಿಸುತ್ತಿದ್ದರು. “ಬೋಂಜೂರ್, ಮದಾಂ” ಎಂದೆ. “ಮೊದಲು ನೀವು ಹಿಡಿದುಕೊಳ್ಳಿ, ಮೆಸ್ಯೂ. ನನ್ನವರಿಗೆ ಅವಸರವಿಲ್ಲ” ಎಂದು ಸಮಾಧಿಗಳ ಕಡೆ ತಲೆಯಾಡಿಸಿದರು.

ಊರಿನಲ್ಲಿ ಎಷ್ಟು ಮನೆಗಳಿವೆ ಎಂದು ಕೇಳಿದಾಗ ಅವರು ಎರಡು ಲೆಕ್ಕ ಕೊಟ್ಟರು, ಆಗಸ್ಟಿನದೊಂದು, ಜನವರಿಯದೊಂದು. ಆಗಸ್ಟಿನಲ್ಲಿ ಎಲ್ಲ ಮನೆಗಳ ಕಿಟಕಿಗಳೂ ತೆರೆದಿರುತ್ತವೆ. ಜನವರಿಯಲ್ಲಿ ಹೊಗೆಯೇಳುವುದು ನಾಲ್ಕರಲ್ಲಿ. ನಾವು ಮಾತಾಡುತ್ತಿರುವಾಗಲೇ ಕೆಳಗಿನಿಂದ ಉದ್ದನೆಯ ಹಾರ್ನ್ ಕೇಳಿಸಿತು. ನಾನು ಅಭ್ಯಾಸಬಲದಿಂದ ಬೆಚ್ಚಿ ತಿರುಗಿದೆ. ಅದು ಬ್ರೆಡ್ಡಿನ ವ್ಯಾನು. ಅಂಗಡಿಯಿಲ್ಲದ ಊರುಗಳಿಗೆ ಬೇಕರಿಯವರು ವಾರದ ಗೊತ್ತಾದ ದಿನಗಳಲ್ಲಿ ಹೀಗೆ ಸುತ್ತು ಬಂದು, ಹಾರ್ನ್ ಹಾಕಿ ಕರೆಯುತ್ತಾರಂತೆ. ಅವರು ಕ್ಯಾನು ಕೆಳಗಿಟ್ಟು ಚುರುಕಾಗಿ ಹೊರಟರು, ನಾನೂ ಹಿಂದೆಯೇ ಹೋದೆ. ವ್ಯಾನಿನ ಹಿಂಬಾಗಿಲಿನಲ್ಲಿ ಕೊಂಡ ಅರ್ಧ ಕಿಲೋ ತೂಕದ ಗಟ್ಟಿ ರೊಟ್ಟಿಯೇ ಅಂದಿನ ನನ್ನ ಊಟವಾಯಿತು. ಇಡೀ ದಿನ ನಾನು ಕೇಳಿದ ಹಾರ್ನ್ ಅದೊಂದೇ.

ಜಾಂತಿಯೂ ಊರಿನ ಚೌಕದಲ್ಲಿ ಯಾವ ಸವಾರನೂ ನಿಲ್ಲದೆ ಹೋಗಲಾರ. ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ ಫ್ರಾನ್ಸಿನ ಊರೂರಲ್ಲೂ ಇದೆ, ಬಹುಮಟ್ಟಿಗೆ ಒಂದೇ ಬಗೆಯದು: ಸೈನಿಕ, ಬಾವುಟ, ವೀರಮರಣದ ಹೊಗಳಿಕೆ. 1922ರಲ್ಲಿ ನಿಂತ ಇಲ್ಲಿಯ ಸ್ಮಾರಕದಲ್ಲಿ ಇರುವುದು ಮರದ ಪಾದರಕ್ಷೆ ತೊಟ್ಟ, ಟೊಪ್ಪಿಗೆ ತೆಗೆದು ಹಿಡಿದ ಒಬ್ಬ ಅನಾಥ ಶಾಲಾ ಹುಡುಗ. ಅವನು ಮುಷ್ಟಿ ಬಿಗಿದು ಕೈಚಾಚಿರುವ ಕಡೆ ಸತ್ತವರ ಹೆಸರುಗಳ ಪಟ್ಟಿ, ಅದರ ಕೆಳಗೆ ಒಂದೇ ಸಾಲು: ಯುದ್ಧಕ್ಕೆ ಧಿಕ್ಕಾರವಿರಲಿ. ಬಹುಕಾಲ ಇದಕ್ಕೆ ಅಧಿಕೃತ ಉದ್ಘಾಟನೆಯೇ ಆಗಲಿಲ್ಲ. ಅಷ್ಟು ಸಣ್ಣ ಊರಿಗೆ ಆ ಪಟ್ಟಿ ಎಷ್ಟು ಉದ್ದ ಎಂಬುದನ್ನು ನೋಡುತ್ತ ನಿಂತಾಗ, ರಸ್ತೆಗಳು ಖಾಲಿಯಾದದ್ದಕ್ಕೆ ಗಾರೆಕೆಲಸ, ರೈಲು ಎಂದು ನಾನು ಹಾಕಿದ್ದ ಲೆಕ್ಕ ಅಪೂರ್ಣವೆನಿಸಿತು.

ಎಲ್ಲವೂ ಇಳಿಮುಖವೇ ಎಂದರೆ ಅದೂ ಸುಳ್ಳು. ಸುಮಾರು ನಾನೂರು ಜನರ ಫೋ-ಲಾ-ಮೋಂತಾನ್ಯ್ ಊರಿನಲ್ಲಿ 1980ರ ದಶಕದ ಕೊನೆಯಿಂದ ಕೆಲಸಗಾರರೇ ಒಡೆಯರಾಗಿ ನಡೆಸುವ ಮರ ಕೊಯ್ಯುವ ಕಾರ್ಖಾನೆಯಿದೆ. ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳಿವೆ. ನಾನು ಹೋದಾಗ ಚೌಕದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಅಲ್ಲಿಂದ ಕೆಳಗೆ ಮಾತ್ರ ಎಚ್ಚರ ಬೇಕು. ಬೇಸಿಗೆಯಲ್ಲಿ ಈ ರಸ್ತೆಗಳಿಗೆ ಡಾರು ಸುರಿದು ಮೇಲೆ ಜಲ್ಲಿಪುಡಿ ಹರಡಿ ಬಿಡುತ್ತಾರೆ, ಅದನ್ನು ಅದುಮುವ ಕೆಲಸ ಬರುವ ಹೋಗುವ ವಾಹನಗಳದ್ದು. ವಾಹನಗಳೇ ಇಲ್ಲದಿರುವುದರಿಂದ ಜಲ್ಲಿ ತಿಂಗಳುಗಟ್ಟಲೆ ಸಡಿಲವಾಗಿಯೇ ಇರುತ್ತದೆ. ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕನ್ನು ಮುಟ್ಟಬಾರದು. ಇನ್ನೊಂದು ಎಂದರೆ ದಿಮ್ಮಿ ಹೊತ್ತ ಲಾರಿಗಳು. ನೆದ್ ಕಡೆಗಿನ ಇಳಿತದಲ್ಲಿ ಅಂಥದೊಂದು ನನ್ನ ಹಿಂದೆ ಬಂತು. ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಇಲ್ಲಿಯ ಕಾನೂನು. ಆ ಕಿರಿದಾದ ರಸ್ತೆಯಲ್ಲಿ ಅಷ್ಟು ಜಾಗ ಸಿಗುವವರೆಗೂ ಚಾಲಕ ತಾಳ್ಮೆಯಿಂದ ಹಿಂದೆಯೇ ಉರುಳಿಸಿಕೊಂಡು ಬಂದು, ನಾನು ಒಂದು ಹೊಲದ ಬಾಯಿಯಲ್ಲಿ ಬದಿಗೆ ಸರಿದಾಗ ಕೈಯೆತ್ತಿ ಮುಂದೆ ಹೋದ.

ಎಮೂತಿಯೇಯಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹತ್ತಿರದ ಕೆಫೆಯಲ್ಲಿ ಕುಳಿತು, ಆಗಸ್ಟಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಮತ್ತೆ ಬರುವ ವಿಚಾರವನ್ನು ಅದರ ಒಡೆಯನಲ್ಲಿ ಹೇಳಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಜಲಾಶಯದ ರಸ್ತೆಯಲ್ಲಿ ಕ್ಯಾಂಪಿಂಗ್ ವ್ಯಾನುಗಳು ತುಂಬಿರುತ್ತವೆ, ತನಗೆ ವರ್ಷದ ವ್ಯಾಪಾರವೆಲ್ಲ ಆಗುವುದು ಆಗಲೇ, ಆದ್ದರಿಂದ ಬೇಡವೆನ್ನಲಾರೆ ಎಂದ ಆತ, ಸ್ವಲ್ಪ ಯೋಚಿಸಿ, “ಸೈಕಲ್ಲಿಗಾದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬನ್ನಿ, ಬೇಟೆಯ ಕಾಲ ಶುರುವಾಗುವ ಮುಂಚೆ” ಎಂದ.