ತೇಗದ ಕಂಬದ ಕೆಳಗೊಂದು ಕಪ್ಪು ಬಟ್ಟೆ

ತುಮಕೂರಿನ ಬೆಳಗಿನ ರೈಲಿನಿಂದ ಇಳಿದಾಗ ಭಾವ ಮೆಜೆಸ್ಟಿಕ್‌ನಲ್ಲಿ ಕಾಯುತ್ತಿದ್ದರು. ಹಳೇ ಕಟ್ಟಡಗಳನ್ನು ಗಟ್ಟಿ ಮಾಡುವುದೇ ಅವರ ಕೆಲಸ. ಅಜ್ಜನ ಕಾಲದ ನಮ್ಮ ಮನೆ ಗೋಡೆ ಉಬ್ಬಿ ಉದುರುತ್ತಿದೆ ಅಂತ ಫೋನಿನಲ್ಲಿ ಹೇಳಿದ್ದೆ. "ಒಂದು ದಿನ ಬಾರಮ್ಮ, ಓಡಾಡ್ತಾ ಮಾತಾಡೋಣ" ಅಂದಿದ್ದರು.

ಮೆಟ್ರೋದಲ್ಲಿ ಎರಡನೇ ನಿಲ್ದಾಣಕ್ಕೇ ಕೆ.ಆರ್. ಮಾರ್ಕೆಟ್. ಅಲ್ಲಿಂದ ಟಿಪ್ಪುವಿನ ಬೇಸಿಗೆ ಅರಮನೆಗೆ ನಡೆದೇ ಹೋದೆವು. ಹೈದರಾಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಹೊರಗಿನ ಗದ್ದಲವೆಲ್ಲ ಆ ತೇಗದ ಕಂಬಗಳ ನಡುವೆ ತಣ್ಣಗಾಗಿಬಿಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಅಲ್ಲೇ ಕಂಬದ ಕೆಳಗೆ ಭಾವ ಚೀಲದಿಂದ ಅಂಗೈ ಅಗಲದ ಕಪ್ಪು ಬಟ್ಟೆ ತೆಗೆದರು. ಕಾರ್ಬನ್ ಫೈಬರ್, ಅಂದರೆ ಇಂಗಾಲದ ನಾರಿನಿಂದ ನೇಯ್ದದ್ದು. ರೇಷ್ಮೆಯಷ್ಟು ನುಣುಪು. ಅಂಚಿನಲ್ಲಿ ಬಿಟ್ಟುಕೊಂಡ ಎಳೆಗಳು ಕೂದಲಿಗಿಂತ ಎಷ್ಟೋ ತೆಳ್ಳಗಿದ್ದವು. ಉಕ್ಕಿನ ಕಾಲು ಭಾಗದಷ್ಟೂ ತೂಕ ಇಲ್ಲ, ಆದರೆ ಎಳೆದರೆ ಉಕ್ಕಿಗಿಂತ ಜಾಸ್ತಿ ತಡೆಯುತ್ತದಂತೆ. ತುಕ್ಕೂ ಹಿಡಿಯುವುದಿಲ್ಲ. ಕಲ್ಲಿನೊಳಗೆ ಹಾಕಿದ ಕಬ್ಬಿಣ ತುಕ್ಕು ಹಿಡಿದರೆ ಊದಿ, ಕಲ್ಲನ್ನೇ ಸೀಳುತ್ತದೆ.

"ತೊಲೆಯ ತುದಿ ಕೊಳೆತರೆ ಇಡೀ ತೊಲೆ ಬಿಚ್ಚಬೇಕಿಲ್ಲ. ಕೊಳೆತಷ್ಟು ಕತ್ತರಿಸಿ, ಹೊಸ ಮರ ಕೂರಿಸಿ, ಒಳಗೆ ಫೈಬರ್ ಸರಳು ಹಾಕಿ ಎಪಾಕ್ಸಿ ಅನ್ನೋ ರಾಸಾಯನಿಕ ಅಂಟಿನಲ್ಲಿ ಅಂಟಿಸ್ತೀವಿ" ಅಂದರು. ಇಟಲಿಯ ಅಸಿಸಿಯಲ್ಲಿ 1997ರ ಭೂಕಂಪಕ್ಕೆ ಸಂತ ಫ್ರಾನ್ಸಿಸರ ಬಸಿಲಿಕಾ ಎಂಬ ಚರ್ಚಿನ ಕಮಾನು ಚಾವಣಿಯ ಒಂದಷ್ಟು ಭಾಗ ಕುಸಿದಿತ್ತು. ಅದನ್ನು ಮತ್ತೆ ಕಟ್ಟುವಾಗ ಅರಾಮಿಡ್ ಎಂಬ ಗಟ್ಟಿ ಕೃತಕ ನಾರಿನ ಪಕ್ಕೆಲುಬಿನಂಥ ಪಟ್ಟಿ ಕೊಟ್ಟು ನಿಲ್ಲಿಸಿದರು.

"ಹಾಗಾದ್ರೆ ನಮ್ಮನೆ ಗೋಡೆಗೂ ಈ ಬಟ್ಟೇನೇ ಸುತ್ತಿಸೋಣ ಅಲ್ವಾ ಭಾವ?"

"ಬೇಡ. ನಿಮ್ಮದು ಸುಣ್ಣದ ಗಾರೆಯ ಗೋಡೆ. ಅದು ನೀರು ಹೀರುತ್ತೆ, ಬಿಸಿಲಿಗೆ ಬಿಡುತ್ತೆ. ಈ ಬಟ್ಟೆ ಅಂಟಿಸೋಕೆ ಎಪಾಕ್ಸಿ ಬಳಿದರೆ ಆ ದಾರಿ ಮುಚ್ಚಿಹೋಗುತ್ತೆ. ಒಳಗೆ ಉಳಿದ ತೇವ ಉಪ್ಪು ಕಾರಿ ಇಟ್ಟಿಗೆಯನ್ನೇ ಪುಡಿ ಮಾಡುತ್ತೆ."

ನನಗೆ ಚುರುಕ್ ಅಂತು. ಹತ್ತು ವರ್ಷದ ಹಿಂದೆ ಗಟ್ಟಿ ಇರಲಿ ಅಂತ ನಾವೇ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದೆವು. ಅದೂ ತೇವದ ದಾರಿ ಮುಚ್ಚುವಂಥದ್ದೇ. ಈಗ ತಟ್ಟಿದರೆ ಪೊಳ್ಳು ಸದ್ದು.

ಸುಣ್ಣದ ಗೋಡೆಗೆ ಬೇರೆ ದಾರಿ ಇದೆ. ಗಾಜಿನ ಅಥವಾ ಬಸಾಲ್ಟ್ ಎಂಬ ಕಪ್ಪು ಕಲ್ಲಿನ ನಾರಿನ ಜಾಲರಿಯನ್ನು ಸುಣ್ಣದ ಗಾರೆಯಲ್ಲೇ ಹೂತು ಮೆತ್ತುತ್ತಾರೆ. ಗೋಡೆ ಉಸಿರಾಡುತ್ತದೆ, ಬಿರುಕು ಬಿಡಹೊರಟರೆ ಜಾಲರಿ ಹಿಡಿದುಕೊಳ್ಳುತ್ತದೆ. ಸುಣ್ಣಕ್ಕೂ ಸಿಮೆಂಟಿಗೂ ಮಾಮೂಲಿ ಗಾಜಿನ ನಾರು ಸವೆದುಹೋಗುವುದರಿಂದ, ಕ್ಷಾರ ತಡೆಯುವ ಬೇರೆ ಬಗೆಯ ಗಾಜೇ ಬೇಕು. ಹೊಸ ನಾರು, ಹಳೇ ಗಾರೆ. ಈ ಜೋಡಿ ನನಗೆ ತುಂಬ ಹಿಡಿಸಿತು.

ಮಧ್ಯಾಹ್ನ ಲಾಲ್‌ಬಾಗ್. ಕ್ರುಂಬಿಗಲ್ ಹಾಲ್ ಎಂಬ ಹಳೇ ಕಟ್ಟಡ 2017ರಲ್ಲಿ ಕುಸಿದಿದ್ದು ಇಲ್ಲೇ. ಆ ಮಾತು ಬಂದಾಗ ಭಾವ ತುಸು ಹೊತ್ತು ಸುಮ್ಮನಾದರು. "ಬಿದ್ದ ಮೇಲೆ ಯಾವ ಫೈಬರ್ ತಂದು ಏನು ಮಾಡೋದು?" ಅಂದರು.

ಸಂಜೆ ಮನೆಗೆ ಬಂದವಳೇ ಗೋಡೆ ತಟ್ಟುತ್ತಾ ಹೋದೆ. ಪೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸೋಮವಾರ ಬರುತ್ತಾರೆ. ಮೊದಲು ಸಿಮೆಂಟ್ ಕೀಳಬೇಕು.