ಬೆಳಗ್ಗೆ ಆರೂವರೆಯ ನೆಗೆಟಿವ್ ರಿಪೋರ್ಟು

ನಾನು ಎಮರ್ಜೆನ್ಸಿಲಿ ಡ್ಯೂಟಿ ಡಾಕ್ಟ್ರಾಗಿ ಸೇರಿದ ಮೊದಲನೇ ವರ್ಷ, ಒಂದಿನ ಬೆಳಗ್ಗೆ ಆರೂವರೆಗೆ ಐವತ್ತರ ಆಸುಪಾಸಿನ ಒಬ್ರು ಬಂದ್ರು, ಐದು ಗಂಟೆಗೆ ಹಾಲು ಕರೀತಾ ಕೂತಿದ್ದಾಗ ಎದೆ ಹಿಡಿದಂಗಾಯ್ತಂತೆ, ಇಸಿಜಿಲಿ ಅಂಥದ್ದೇನೂ ಕಾಣ್ಲಿಲ್ಲ, ಹೃದಯಕ್ಕೆ ಪೆಟ್ಟಾಗಿದ್ಯಾ ಅಂತ ರಕ್ತದಲ್ಲಿ ನೋಡೋ ಟ್ರೋಪೋನಿನ್ ಕಾರ್ಡ್ ಟೆಸ್ಟ್ ಹಾಕಿಸ್ದೆ, ಒಂದೇ ಗೆರೆ ಬಂತು, ನೆಗೆಟಿವ್. ಅವರ ಹೆಂಡ್ತಿ "ಗ್ಯಾಸು ಅಷ್ಟೇ ಅಲ್ವಾ ಸಾರ್" ಅಂದ್ರು, ನಾನೂ ಹೂಂ ಅಂದು ಗ್ಯಾಸ್ ಇಂಜೆಕ್ಷನ್ ಕೊಡಿಸಿ ಮನೆಗೆ ಕಳಿಸೋ ಚೀಟಿ ಬರೆದೇಬಿಟ್ಟೆ. ಆಗ ಸೀನಿಯರ್ ಸಿಸ್ಟರ್ ಬಂದು "ಸಾರ್, ಬಿಪಿ ನೋಡೋಕೆ ಹೋದೆ, ಬನಿಯನ್ ಪೂರ್ತಿ ಒದ್ದೆ, ಈ ಚಳೀಲಿ" ಅಂದ್ರು. ಹೋಗಿ ಹಣೆ ಮುಟ್ಟಿದ್ರೆ ತಣ್ಣಗೆ ಅಂಟಂಟಾಗಿತ್ತು. ಚೀಟಿ ಹರಿದು ಹಾಕಿ ಮಾನಿಟರ್‌ಗೆ ಹಾಕಿಸ್ದೆ, ಅರ್ಧರ್ಧ ಗಂಟೆಗೆ ಇಸಿಜಿ ತೆಗೆಸ್ದೆ, ಒಂಬತ್ತೂವರೆಗೆ ಮತ್ತೆ ರಕ್ತ ತೆಗೆದ್ವಿ. ಎರಡನೇ ಗೆರೆ ಸ್ಪಷ್ಟವಾಗಿ ಮೂಡಿತ್ತು, ಅಂದ್ರೆ ಪಾಸಿಟಿವ್, ಇಸಿಜಿನೂ ಬದಲಾಗಿತ್ತು, ಹಾರ್ಟ್ ಅಟ್ಯಾಕೇ.

ಟ್ರೋಪೋನಿನ್ ಅನ್ನೋದು ಹೃದಯದ ಸ್ನಾಯುವಿನ ಒಳಗಿರೋ ಪ್ರೋಟೀನು, ಸ್ನಾಯುಗೆ ಪೆಟ್ಟು ಬಿದ್ದಾಗ ಅದು ಸೋರಿ ರಕ್ತಕ್ಕೆ ಬರುತ್ತೆ, ಆದ್ರೆ ಟೆಸ್ಟಿಗೆ ಸಿಗೋ ಅಷ್ಟು ಬರೋಕೆ ಎರಡು ಮೂರು ಗಂಟೆ ಬೇಕು, ಕಾರ್ಡ್ ಟೆಸ್ಟಿಗಂತೂ ಇನ್ನೂ ಹೆಚ್ಚು. ಅವರು ಬಂದಿದ್ದು ನೋವು ಶುರುವಾದ ಒಂದೂವರೆ ಗಂಟೆಗೆ. ಆ ನೆಗೆಟಿವ್‌ಗೆ "ಇನ್ನೂ ಬಂದಿಲ್ಲ" ಅನ್ನೋ ಅರ್ಥನೂ ಇತ್ತು, ನಾನು "ಏನೂ ಇಲ್ಲ" ಅಂತ ಓದ್ಕೊಂಡೆ. ಅವತ್ತಿಂದ ಲ್ಯಾಬ್ ಫಾರ್ಮ್ ಮೇಲೆ ರಕ್ತ ತೆಗೆದ ಟೈಮಿನ ಪಕ್ಕ ನೋವು ಶುರುವಾದ ಟೈಮೂ ಬರೀತೀನಿ. ಇನ್ನು ಇಸಿಜಿಲಿ ಎಸ್‌ಟಿ ಅನ್ನೋ ಭಾಗ ಮೇಲೆದ್ದಿದ್ರೆ, ಅಂದ್ರೆ ಹೃದಯದ ರಕ್ತನಾಳ ಕಟ್ಕೊಂಡಿರೋ ಲಕ್ಷಣ ಕಂಡ್ರೆ, ಟ್ರೋಪೋನಿನ್‌ಗೆ ಕಾಯೋ ಮಾತೇ ಇಲ್ಲ, ರಿಪೋರ್ಟ್ ಬರೋ ಹೊತ್ತಿಗೆ ಸ್ನಾಯು ಸಾಯ್ತಾ ಇರುತ್ತೆ.

ಇದರ ಉಲ್ಟಾ ಕೇಸು ಒಬ್ಬ ಅಜ್ಜಿದು. ಮೂತ್ರದ ಇನ್ಫೆಕ್ಷನ್ ರಕ್ತಕ್ಕೆ ಏರಿ ಜ್ವರ 103, ಬಿಪಿ 80/50, ಸಣ್ಣ ಪ್ರಮಾಣನೂ ಹಿಡಿಯೋ ಹೈ ಸೆನ್ಸಿಟಿವ್ ಟೆಸ್ಟಲ್ಲಿ ಟ್ರೋಪೋನಿನ್ ಟಿ 120, ನಾರ್ಮಲ್ ಮಿತಿ 14. ಜೊತೆಗಿದ್ದ ಜೂನಿಯರ್ ಹಾರ್ಟ್ ಅಟ್ಯಾಕ್ ಅಂದ್ಕೊಂಡು ಆಗಲೇ ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್ ತೆಗೆದಿಟ್ಟಿದ್ದ. ಅಜ್ಜಿಗೆ ಎದೆನೋವಿಲ್ಲ, ಇಸಿಜಿಲಿ ಬಡಿತ ಜೋರಾಗಿದೆ ಅಷ್ಟೇ. ಬಿಪಿ ಬಿದ್ದು, ಬಡಿತ ಓಡಿ, ಹೃದಯಕ್ಕೇ ಆಕ್ಸಿಜನ್ ಸಾಲದೆ ಆಗಿರೋ ಪೆಟ್ಟು ಅದು, ರಕ್ತನಾಳ ಕಟ್ಕೊಂಡಿದ್ದಲ್ಲ. ಆಂಟಿಬಯೋಟಿಕ್ಕು, ಡ್ರಿಪ್ಪು, ಬಿಪಿ ಏರಿಸೋ ಔಷಧಿ, ಅದೇ ಅವರಿಗೆ ಬೇಕಾಗಿದ್ದು. ಹಾಗಂತ ಆ 120 ಸುಳ್ಳು ಅಂತಲ್ಲ, ಸೆಪ್ಸಿಸ್, ಅಂದ್ರೆ ಹೀಗೆ ಇನ್ಫೆಕ್ಷನ್ ಮೈಗೆಲ್ಲ ಏರಿದಾಗ, ಟ್ರೋಪೋನಿನ್ ಏರಿದೋರನ್ನ ಇನ್ನೂ ಹುಷಾರಾಗಿ ನೋಡ್ಕೋಬೇಕು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ರೂ ಏರುತ್ತೆ, ಹೃದಯದ ಸ್ನಾಯು ಊದ್ಕೊಂಡ್ರೂ ಏರುತ್ತೆ.

ಯೂನಿಟ್ ಬಗ್ಗೆನೂ ಒಂದು ಮಾತು ಹೇಳ್ಲೇಬೇಕು, ರೆಫರಲ್ ಚೀಟಿಲಿ 0.04 ಅಂತಿರುತ್ತೆ, ನಮ್ಮ ಮಷೀನ್ 40 ಅನ್ನುತ್ತೆ, ಮನೆಯೋರು ಗಾಬರಿ ಬೀಳ್ತಾರೆ, ಒಂದು ಮಿಲಿಲೀಟರ್‌ಗೆ ಎಷ್ಟು ನ್ಯಾನೋಗ್ರಾಂ ಅನ್ನೋ ಲೆಕ್ಕ, ಇನ್ನೊಂದು ಲೀಟರ್‌ಗೆ ಎಷ್ಟು ಅನ್ನೋ ಲೆಕ್ಕ, ಎರಡೂ ಒಂದೇ. ಆದ್ರೆ ಟ್ರೋಪೋನಿನ್‌ನಲ್ಲಿ ಐ, ಟಿ ಅಂತ ಎರಡು ಬಗೆ ಅಳೀತಾರೆ, ಅಲ್ಲಿ ಐ, ಇಲ್ಲಿ ಟಿ ಮಾಡಿದ್ರೆ ಹೋಲಿಸೋಕೆ ಬರಲ್ಲ, ಎರಡು ಸ್ಯಾಂಪಲ್ಲೂ ಒಂದೇ ಮಷೀನಲ್ಲಿ ಆಗ್ಬೇಕು.

ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರೋ ಒಬ್ರು ಯಜಮಾನ್ರಿದ್ದಾರೆ. ಒಂದ್ಸಲ ಎದೆ ಭಾರ ಅಂದ್ರು, ಟ್ರೋಪೋನಿನ್ 86, ಮನೆಯೋರೆಲ್ಲ ಅಳೋಕೆ ಶುರು. ಮೂರು ಗಂಟೆ ಬಿಟ್ಟು ನೋಡಿದ್ರೆ 88. ಕಿಡ್ನಿ ಕೈಕೊಟ್ಟೋರಿಗೆ ಅದು ಸದಾ ಏರಿರೋದು ಸಾಮಾನ್ಯ, ನೋಡ್ಬೇಕಾದ್ದು ಏರಿಳಿತ, ಶೇಕಡಾ 20ಕ್ಕಿಂತ ಜಾಸ್ತಿ ಬದಲಾದ್ರೆ ಹೊಸ ಪೆಟ್ಟು ಅಂತ ಲೆಕ್ಕ. ಅವರ ಫೈಲಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಮಾಮೂಲಿ ಟ್ರೋಪೋನಿನ್ 85-90" ಅಂತ ತಾರೀಕು ಸಮೇತ ಬರೆದೆ. ಏಳೆಂಟು ತಿಂಗಳಾದ್ಮೇಲೆ ಒಂದು ರಾತ್ರಿ ಉಸಿರಾಡೋಕೆ ಕಷ್ಟ ಅಂತ ಬಂದ್ರು, ಡ್ಯೂಟೀಲಿ ಬೇರೆಯೋರಿದ್ರು, 140 ಬಂತು, ಡಯಾಲಿಸಿಸ್ ಪೇಶೆಂಟ್ ಅಲ್ವಾ ಇರುತ್ತೆ ಬಿಡು ಅನ್ನೋಕೆ ಮುಂಚೆ ಅವರ ಮಗ ಆ ರಟ್ಟು ತೋರಿಸ್ದ. ಮೂರು ಗಂಟೆ ಬಿಟ್ಟು ನೋಡಿದ್ರೆ 310. ಬೆಳಗಾಗೋದ್ರೊಳಗೆ ಆ್ಯಂಜಿಯೋಗ್ರಾಂಗೆ ಕಳಿಸಿದ್ರು, ಫೈಲೂ ಜೊತೇಲೇ ಹೋಯ್ತು.